ಅಪ್ಪನ ಪಾಸ್‌ಬುಕ್‌ನಲ್ಲಿದ್ದ 436 ರೂಪಾಯಿ

2024ರ ಜನವರಿ ಎರಡನೇ ವಾರ. ಮುಂಬಯಿಯ ಘಾಟ್ಕೋಪರ್‌ನ ಒಂದು ಸಣ್ಣ ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ 48 ವರ್ಷದವರೊಬ್ಬರು ಬೆಳಗಿನ ಪಾಳಿಯಲ್ಲಿ ಎದೆನೋವು ಅಂತ ಕೂತರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ಮೂಲ ಕುಂದಾಪುರ ಕಡೆ. ಇಲ್ಲಿ ಮನೆ ಅಂದರೆ ಠಾಣೆ ಆಚೆಯ ದಿವಾದ ಒಂದು ಚಾಳಿನಲ್ಲಿ (ವಠಾರದಲ್ಲಿ) ಬಾಡಿಗೆ ಕೋಣೆ. ಹೆಂಡತಿ, ಟಿ.ವೈ. ಬಿ.ಎ.ಎಫ್. (ಅಕೌಂಟಿಂಗ್-ಫೈನಾನ್ಸ್ ಡಿಗ್ರಿಯ ಕೊನೆಯ ವರ್ಷ) ಓದುತ್ತಿದ್ದ ಮಗಳು, ಹತ್ತನೇ ಕ್ಲಾಸಿನ ಮಗ. ಮಗಳಿಗೆ ಕೊನೆಯ ಸೆಮಿಸ್ಟರ್ ಪರೀಕ್ಷೆ ಏಪ್ರಿಲ್‌ನಲ್ಲಿ, ಮಗನಿಗೆ ಬೋರ್ಡ್ ಪರೀಕ್ಷೆ ಮಾರ್ಚ್‌ನಲ್ಲಿ.

ನಮ್ಮದು ಲೋಕಲ್ ರೈಲಿನ ಸೆಂಟ್ರಲ್ ಲೈನಿನ ಉಪನಗರದ ಒಂದು ಚಿಕ್ಕ ಕನ್ನಡ ಸಂಘ. ಅದರ ವಿದ್ಯಾರ್ಥಿ ನೆರವು ಸಮಿತಿಯಲ್ಲಿ ನಾನೂ ಒಬ್ಬ. ಆ ಮನೆಯವರ ಒಪ್ಪಿಗೆ ತಗೊಂಡು ಇದನ್ನು ಬರೆಯುತ್ತಿದ್ದೇನೆ. ಹೆಸರು, ಕಾಲೇಜು, ಹೋಟೆಲು ಯಾವುದನ್ನೂ ಹೇಳುವುದಿಲ್ಲ. ಇಂಥ ಪ್ರಕರಣ ಬೇರೆ ಸಂಘಗಳಿಗೂ ಬರುತ್ತಲೇ ಇರುತ್ತದೆ. ಹಣದ ಲೆಕ್ಕ ಮುಚ್ಚಿಟ್ಟರೆ ಓದುವವರಿಗೆ ಏನೂ ಸಿಗುವುದಿಲ್ಲ, ಅದಕ್ಕೆ ಅಂಕಿ ಸಮೇತ ಬರೆದಿದ್ದೇನೆ.

ಮೊದಲ ಮೂರು ವಾರ

ಸಾವಿನ ಸುದ್ದಿ ಅವತ್ತೇ ನಮಗೆ ಗೊತ್ತಾಗಿತ್ತು. ಹುಡುಗಿ ನಮ್ಮ ಹತ್ತಿರ ಬಂದದ್ದು ಮಾತ್ರ ಫೆಬ್ರವರಿ ಮೊದಲ ವಾರ. ಅಷ್ಟರಲ್ಲಿ ಆಗಬೇಕಾದ ನಷ್ಟ ಹೆಚ್ಚುಕಡಿಮೆ ಆಗಿಹೋಗಿತ್ತು.

ಹೋಟೆಲ್ ಧನಿಗಳು ಅವತ್ತು ಸಂಜೆಯೇ 25,000 ರೂಪಾಯಿ ನಗದು ಕೊಟ್ಟಿದ್ದರು. ಆಂಬುಲೆನ್ಸ್ ಮಾಡಿ ಶವವನ್ನು ಊರಿಗೆ ಒಯ್ದರು. ಮುಂಬಯಿಯಲ್ಲೇ ಮುಗಿಸಬಹುದಿತ್ತಲ್ಲ ಅಂತ ಕೇಳುವವರು ಇರುತ್ತಾರೆ. ಊರಲ್ಲಿ ವಯಸ್ಸಾದ ತಾಯಿ ಇದ್ದರು. ಅಂಥ ಪ್ರಶ್ನೆಯನ್ನು ಹೊರಗಿನವರು ಕೇಳಬಾರದು. ಹದಿಮೂರನೇ ದಿನದ ಕ್ರಿಯೆ ಮುಗಿಸಿ ಹೊರಡುವಾಗ ಧನಿಗಳ ಹಣವೂ ಖಾಲಿ, ಬ್ಯಾಂಕಿನಲ್ಲಿದ್ದ 38,000 ರೂಪಾಯಿಯೂ ಖಾಲಿ.

ವಾಪಸ್ ಬಂದಾಗ ಕೋಣೆ ಬಾಡಿಗೆ ಬಾಕಿ. ಕಿರಾಣಿ ಅಂಗಡಿಯಲ್ಲಿ ಉಧಾರಿ. ಕಾಲೇಜಿನಲ್ಲಿ ಎರಡನೇ ಕಂತಿನ ಫೀ 16,500. ಹಾಜರಾತಿ ಕಡಿಮೆ ಅಂತ ಡಿಫಾಲ್ಟರ್ ಲಿಸ್ಟ್‌ನಲ್ಲಿ ಅವಳ ಹೆಸರು.

ಇಷ್ಟು ಸಾಲದು ಅಂತ ಒಂದು ಪೋಸ್ಟರ್. ದೂರದ ಸಂಬಂಧಿ ಹುಡುಗನೊಬ್ಬ ಒಳ್ಳೆ ಮನಸ್ಸಿನಿಂದಲೇ ಮಾಡಿದ್ದ. ಅವಳ ಫೋಟೊ, ಅಪ್ಪನ ಫೋಟೊಗೆ ಹಾಕಿದ ಹಾರ, ಅಮ್ಮನ ಮೊಬೈಲ್ ನಂಬರ್, ಹಣ ಕಳಿಸುವ ಕ್ಯೂಆರ್ ಕೋಡ್, ಕೆಳಗೆ ದಪ್ಪ ಅಕ್ಷರದಲ್ಲಿ 'ಬಡ ವಿದ್ಯಾರ್ಥಿನಿಗೆ ಸಹಾಯ ಮಾಡಿ'. ಊರಿನ ಗ್ರೂಪಿನಿಂದ ಜಾತಿ ಗ್ರೂಪಿಗೆ, ಅಲ್ಲಿಂದ ಕಟ್ಟಡದ ಗ್ರೂಪಿಗೆ ಹೋಯಿತು. ನಾಲ್ಕನೇ ದಿನ ಅವಳ ಕ್ಲಾಸಿನ ಗ್ರೂಪಿಗೇ ಬಂತು. ಒಟ್ಟು ಬಂದ ಹಣ 11,400 ರೂಪಾಯಿ. ಅದರ ಜೊತೆಗೆ ರಾತ್ರಿ ಹೊತ್ತು ಅಮ್ಮನಿಗೆ ಗುರುತಿಲ್ಲದವರ ಫೋನು. ಹುಡುಗಿ ಒಂದು ವಾರ ಕಾಲೇಜಿಗೆ ಹೋಗಲಿಲ್ಲ. ಮೊದಲೇ ಕಡಿಮೆ ಇದ್ದ ಹಾಜರಾತಿ ಇನ್ನೂ ಇಳಿಯಿತು. ಪೋಸ್ಟರ್ ನಿಲ್ಲಿಸಲು ನಾವು ಹತ್ತಾರು ಗ್ರೂಪ್ ಅಡ್ಮಿನ್‌ಗಳಿಗೆ ಫೋನ್ ಮಾಡಬೇಕಾಯಿತು. ಫಾರ್ವರ್ಡ್ ಆದದ್ದು ಪೂರ್ತಿ ನಿಲ್ಲುವುದಿಲ್ಲ ಬಿಡಿ.

ಅವಳು ಕೇಳಿದ್ದು ಬೇರೆ

ಸಂಘದ ಆಫೀಸಿಗೆ ಬಂದಾಗ ನಾವು ಫೀ ರಸೀದಿ, ಮಾರ್ಕ್ಸ್ ಕಾರ್ಡ್ ಕೇಳಿದೆವು. ಅವಳು ಅದಾವುದನ್ನೂ ತಂದಿರಲಿಲ್ಲ.

"ಅಂಕಲ್, ನಂಗೆ ಸ್ಕಾಲರ್‌ಶಿಪ್ ಬೇಡ. ಎಲ್ಲಾದ್ರೂ ಕೆಲಸ ಇದ್ರೆ ಹೇಳಿ" ಅಂದಳು.

ಠಾಣೆಯ ಮಾಲ್ ಒಂದರಲ್ಲಿ ಬಿಲ್ಲಿಂಗ್ ಕೌಂಟರ್ ಕೆಲಸ ಹೆಚ್ಚುಕಡಿಮೆ ಸಿಕ್ಕಿಯೇ ಇತ್ತು. ತಿಂಗಳಿಗೆ 14,000. ಬೆಳಿಗ್ಗೆ ಹನ್ನೊಂದರಿಂದ ರಾತ್ರಿ ಒಂಬತ್ತು. ಪರೀಕ್ಷೆ ಆಮೇಲೆ ಯಾವಾಗಾದರೂ ಕೊಡಬಹುದು, ಉಳಿದ ಪೇಪರ್ ಆಮೇಲೆ ಬರೆಯುವ ಎಟಿಕೆಟಿ ಇದ್ದೇ ಇದೆಯಲ್ಲ ಅನ್ನುವುದು ಅವಳ ಲೆಕ್ಕ. ಅಮ್ಮ ಪಕ್ಕದಲ್ಲಿ ಕೂತಿದ್ದರು. "ಎಂತ ಮಾಡುದು ಅಣ್ಣ, ಅವಳು ಹೇಳುದ್ರಲ್ಲೂ ತಪ್ಪಿಲ್ಲ" ಅಂದರು.

ತಪ್ಪೇನೂ ಇರಲಿಲ್ಲ. ಮನೆಯ ಖರ್ಚು ಬರೆದು ನೋಡಿದೆವು. ಬಾಡಿಗೆ 7,500. ರೇಷನ್, ಗ್ಯಾಸ್, ಹಾಲು, ಲೈಟ್ ಬಿಲ್ ಸೇರಿ 8,000. ಹುಡುಗನ ಟ್ಯೂಷನ್, ಮೂವರ ಓಡಾಟ, ಮೊಬೈಲ್ ಎಲ್ಲ ಸೇರಿ 3,500. ಒಟ್ಟು 19,000. ಅಮ್ಮ ಒಂದು ಪೋಳಿ-ಭಾಜಿ (ಚಪಾತಿ-ಪಲ್ಯ) ಕೇಂದ್ರಕ್ಕೆ ಚಪಾತಿ ಮಾಡಿಕೊಡುತ್ತಿದ್ದರು, ಅದರಿಂದ 5,000. ತಿಂಗಳಿಗೆ 14,000 ಕೊರತೆ. ಮಾಲ್‌ನವರು ಕೊಡುತ್ತೇನೆ ಅಂದದ್ದೂ ಅಷ್ಟೇ.

ಹಾಗಾಗಿ ಅವಳ ಫೀ ಕಟ್ಟಿದ್ದರೂ ಅವಳು ಓದು ಬಿಡುತ್ತಿದ್ದಳು. ಇದು ಸಮಿತಿಯ ಅರ್ಧ ಜನಕ್ಕೆ ಅರ್ಥವಾಗಲು ಒಂದು ಇಡೀ ಸಂಜೆ ಹಿಡಿಯಿತು. "ಫೀ ಕಟ್ಟೋಣ, ಬೇಕಾದರೆ ಪುಸ್ತಕ ಕೊಡೋಣ. ಮನೆ ರೇಷನ್ ನಮ್ಮ ಕೆಲಸ ಅಲ್ಲ" ಅಂತ ಒಬ್ಬ ಹಿರಿಯರು ಪಟ್ಟು ಹಿಡಿದರು. ಸಂಘದ ನಿಯಮ ಅವರ ಕಡೆಗೇ ಇತ್ತು. ನಿಯಮದಲ್ಲಿ ಇದ್ದದ್ದು 'ಶೈಕ್ಷಣಿಕ ವೆಚ್ಚ' ಅಂತ ಮಾತ್ರ. ಮೇ ತಿಂಗಳವರೆಗೆ ಈ ಮನೆ ನಡೆದರೆ ಡಿಗ್ರಿ ಕೈಗೆ ಬರುತ್ತದೆ, ಆಗ ಅದೇ ಹುಡುಗಿ ಅಕೌಂಟ್ಸ್ ಕೆಲಸಕ್ಕೆ ಸೇರುತ್ತಾಳೆ ಅನ್ನುವುದು ನನ್ನ ವಾದ. ನಾಲ್ಕು ತಿಂಗಳ ಕೊರತೆ 56,000. ಫೀ 16,500. ಸೇರಿ 72,500. ಮೂರು ವರ್ಷದ ಓದು ಉಳಿಯಲು ಇಷ್ಟು ಸಾಕಿತ್ತು.

ಮುಂಬಯಿಯ ಕನ್ನಡ ಸಂಘಗಳಿಗೆ ವಿದ್ಯಾರ್ಥಿ ವೇತನ ಹೊಸದಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಮೈಸೂರು ಅಸೋಸಿಯೇಷನ್ 1926ರದ್ದು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ತಲೆಮಾರೇ ಈ ಊರಲ್ಲಿದೆ. ಆದರೆ ನಮ್ಮ ವಿದ್ಯಾರ್ಥಿ ವೇತನ ನಡೆಯುವ ರೀತಿ ನೋಡಿ. ವರ್ಷಕ್ಕೊಮ್ಮೆ ಅರ್ಜಿ. ಹೋದ ವರ್ಷದ ಮಾರ್ಕ್ಸ್, ಹೋದ ವರ್ಷದ ಆದಾಯ. ಮಳೆಗಾಲದಲ್ಲಿ ಒಂದು ಭಾನುವಾರ ಸಭಾಂಗಣದಲ್ಲಿ ಕಾರ್ಯಕ್ರಮ, ವೇದಿಕೆಯಲ್ಲಿ ಲಕೋಟೆ, ಫೋಟೊ. ಜನವರಿಯಲ್ಲಿ ಅಪ್ಪ ಸತ್ತರೆ ಆ ಲಕೋಟೆ ಬರುವುದು ಆಗಸ್ಟ್‌ಗೆ. ಅಷ್ಟೊತ್ತಿಗೆ ಹುಡುಗಿ ಮಾಲ್‌ನಲ್ಲಿ ಆರು ತಿಂಗಳು ಮುಗಿಸಿರುತ್ತಾಳೆ.

ಕೊನೆಗೆ ಖಜಾಂಚಿಯವರು ಒಂದು ದಾರಿ ಹುಡುಕಿದರು. 10,000 ರೂಪಾಯಿ ತಕ್ಷಣ ಅಮ್ಮನ ಖಾತೆಗೆ, ಲೆಕ್ಕ ಕೇಳುವುದಿಲ್ಲ. ಅದು ಮೂರನೇ ದಿನ ಹೋಯಿತು. ಬಾಡಿಗೆ ಬಾಕಿ ತೀರಿತು. ಮಾಲ್‌ಗೆ 'ಮೇ ನಂತರ ಬರ್ತೇನೆ' ಅಂತ ಹೇಳಿಸಿದೆವು. ಮುಂದೆ ಹಣ ಎಲ್ಲಿಂದ ಅನ್ನುವುದು ಇನ್ನೂ ಗೊತ್ತಿರಲಿಲ್ಲ.

ಸರಕಾರಿ ಬಾಗಿಲುಗಳು

ಇದನ್ನು ಬೇಗ ಮುಗಿಸುತ್ತೇನೆ. ಅಲ್ಲಿ ಸಿಕ್ಕಿದ್ದು ಕಡಿಮೆ.

ಕೇಂದ್ರದ ವಿದ್ಯಾರ್ಥಿ ವೇತನ ಯೋಜನೆಯೊಂದಿದೆ. ಹನ್ನೆರಡನೇ ತರಗತಿಯ ಬೋರ್ಡಿನಲ್ಲಿ ಮೇಲಿನ ಶೇಕಡ 20ರೊಳಗೆ ಇರುವವರಿಗೆ, ಮನೆಯ ಆದಾಯ 4.5 ಲಕ್ಷದೊಳಗಿದ್ದರೆ, ಡಿಗ್ರಿಯಲ್ಲಿ ವರ್ಷಕ್ಕೆ 12,000 ಬರುತ್ತದೆ. ಹೊಸ ಅರ್ಜಿ ಮೊದಲ ವರ್ಷದಲ್ಲೇ ಹಾಕಬೇಕು. ಅವಳಿಗೆ ಆಗ ಯಾರೂ ಹೇಳಿರಲಿಲ್ಲ. ಮನೆಯಲ್ಲಿ ದುಡಿಯುವವರು ತೀರಿಕೊಂಡರೆ 20,000 ಕೊಡುವ ರಾಷ್ಟ್ರೀಯ ಕುಟುಂಬ ನೆರವು ಯೋಜನೆ ಇರುವುದು ಬಡತನ ರೇಖೆಯ ಕೆಳಗಿನವರಿಗೆ. ಇವರದ್ದು ಕೇಸರಿ ರೇಷನ್ ಕಾರ್ಡು, ಬಡತನ ರೇಖೆಯ ಕೆಳಗಿನವರಿಗೆ ಕೊಡುವ ಹಳದಿ ಅಲ್ಲ. ಎಚ್‌ಡಿಎಫ್‌ಸಿ ಬ್ಯಾಂಕಿನ ಪರಿವರ್ತನ್ ವಿದ್ಯಾರ್ಥಿ ವೇತನದಲ್ಲಿ ಇತ್ತೀಚೆಗೆ ಸಂಕಟ ಬಂದ ಮನೆಯವರಿಗೆ ಆದ್ಯತೆ ಇದೆ. ಆದರೆ ಆದಾಯದ ಮಿತಿ 2.5 ಲಕ್ಷ.

ಇಲ್ಲೇ ಒಂದು ವಿಚಿತ್ರ ನಡೆಯಿತು. ಆದಾಯ ಪ್ರಮಾಣಪತ್ರಕ್ಕೆ ಸೇತು ಕೇಂದ್ರದಲ್ಲಿ (ಸರಕಾರಿ ಅರ್ಜಿ ಹಾಕುವ ಜಾಗ) ಅರ್ಜಿ ಹಾಕುವಾಗ ಸಂಬಳದ ಪತ್ರ ಬೇಕಿತ್ತು. ಹೋಟೆಲ್ ಧನಿಗಳು ಪ್ರಾಮಾಣಿಕವಾಗಿ ಬರೆದುಕೊಟ್ಟರು, ತಿಂಗಳಿಗೆ 22,000 ಅಂತ. ತಹಸೀಲ್ದಾರರ ಪ್ರಮಾಣಪತ್ರದಲ್ಲಿ ವರ್ಷಕ್ಕೆ 2,64,000 ಬಂತು. ಅದು ಹೋದ ಹಣಕಾಸು ವರ್ಷದ ಆದಾಯ. ಸಂಬಳ ತರುವವರು ಈಗ ಇಲ್ಲ ಅನ್ನುವುದಕ್ಕೆ ಆ ಕಾಗದದಲ್ಲಿ ಜಾಗವೇ ಇಲ್ಲ. 14,000 ರೂಪಾಯಿ ಜಾಸ್ತಿಯಾಗಿ ಅವಳು ಮಿತಿಯಿಂದ ಹೊರಗೆ. ಕಾಲೇಜಿನ ಸ್ಟೂಡೆಂಟ್ಸ್ ಏಡ್ ಫಂಡ್ ಅರ್ಜಿಗೂ ಇದೇ ಪ್ರಮಾಣಪತ್ರ ಕೇಳಿದರು, ಅಲ್ಲೂ ಇದೇ ಗತಿ. ಸತ್ತ ಅಪ್ಪನ ಸಂಬಳ ನೋಡಿ ಮಗಳಿಗೆ 'ನೀನು ಅಷ್ಟು ಬಡವಳಲ್ಲ' ಅಂದಂತೆ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

2024ರ ಜುಲೈನಲ್ಲಿ ಮಹಾರಾಷ್ಟ್ರ ಸರಕಾರ ವೃತ್ತಿಪರ ಕೋರ್ಸಿನ ಹುಡುಗಿಯರಿಗೆ, ಆದಾಯ 8 ಲಕ್ಷದೊಳಗಿದ್ದರೆ, ಕೆಲವು ವರ್ಗಗಳಲ್ಲಿ ಪೂರ್ತಿ ಬೋಧನಾ ಶುಲ್ಕ ಮಾಫಿ ಮಾಡಿತು. ಇವಳು ಆಗಲೇ ಪರೀಕ್ಷೆ ಬರೆದಾಗಿತ್ತು. ಈಗ ಓದುತ್ತಿರುವ ಹುಡುಗಿಯರು ರಾಜ್ಯ ಸರಕಾರದ ವಿದ್ಯಾರ್ಥಿ ವೇತನದ ಮಹಾಡಿಬಿಟಿ ಪೋರ್ಟಲ್‌ನಲ್ಲಿ ತಮ್ಮ ಕೋರ್ಸ್ ಸೇರುತ್ತದಾ ಅಂತ ನೋಡಿಕೊಳ್ಳುವುದು ಒಳ್ಳೆಯದು.

ಬರಬೇಕಾದ ಹಣ

ನಮ್ಮ ಖಜಾಂಚಿಯವರು ನಿವೃತ್ತ ಬ್ಯಾಂಕ್ ನೌಕರರು. ಅವರು ದಿವಾಕ್ಕೆ ಹೋಗಿ ಮನೆಯ ಕಾಗದವೆಲ್ಲ ಒಂದು ಚಾಪೆಯ ಮೇಲೆ ಹರಡಿಸಿದರು. ಗ್ಯಾಸಿನ ಪುಸ್ತಕ, ಕಂತು ಕಟ್ಟದೆ ರದ್ದಾಗಿದ್ದ ಒಂದು ಎಲ್‌ಐಸಿ ಪಾಲಿಸಿ, ಪತ್‌ಪೇಢಿಯ (ಪತ್ತಿನ ಸಹಕಾರಿ ಸಂಘದ) ಪಿಗ್ಮಿ ಕಾರ್ಡು, ಪಾಸ್‌ಬುಕ್. ಪಾಸ್‌ಬುಕ್‌ನಲ್ಲಿ ಹಿಂದಿನ ಮೇ ತಿಂಗಳ ಕೊನೆಗೆ ಎರಡು ಕಡಿತ. ಒಂದು 436 ರೂಪಾಯಿ, ಇನ್ನೊಂದು 20.

436 ಅಂದರೆ ಪ್ರಧಾನ ಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆ. 2015ರ ಮೇ ತಿಂಗಳಲ್ಲಿ ಶುರುವಾದದ್ದು. ಮೊದಲು ವರ್ಷಕ್ಕೆ 330 ಇತ್ತು, 2022ರ ಜೂನ್‌ನಿಂದ 436. 18ರಿಂದ 50 ವರ್ಷದೊಳಗೆ ಸೇರಬಹುದು, ಸೇರಿದವರಿಗೆ 55ರವರೆಗೆ ರಕ್ಷಣೆ. ಜೂನ್ 1ರಿಂದ ಮುಂದಿನ ಮೇ 31ರವರೆಗೆ ಲೆಕ್ಕ. ಯಾವ ಕಾರಣದಿಂದ ಸತ್ತರೂ 2 ಲಕ್ಷ. 20 ರೂಪಾಯಿಯದ್ದು ಸುರಕ್ಷಾ ಬಿಮಾ, ಅಪಘಾತಕ್ಕೆ ಮಾತ್ರ, ಹೃದಯಾಘಾತಕ್ಕೆ ಬರುವುದಿಲ್ಲ. ಯಾವಾಗಲೋ ಬ್ಯಾಂಕಿನಲ್ಲಿ ಒಂದು ಫಾರ್ಮಿಗೆ ಸಹಿ ಹಾಕಿದ್ದನ್ನು ಅವರು ಮನೆಯಲ್ಲಿ ಹೇಳಿರಲೇ ಇಲ್ಲ. ಖಾತೆಯಲ್ಲಿ ಹಣ ಇದ್ದ ಕಾರಣ ವರ್ಷ ವರ್ಷ ತಾನಾಗಿ ಕಡಿತವಾಗಿದೆ.

ಕ್ಲೇಮ್ ಸುಲಭ ಅಂತ ಹೇಳಲಾರೆ. ಮೊದಲ ಸಲ ಹೋದಾಗ ಕೌಂಟರಿನವರು 'ಇನ್ಶೂರೆನ್ಸ್ ಕಂಪನಿಗೆ ಹೋಗಿ' ಅಂದರು. ಕ್ಲೇಮ್ ಫಾರ್ಮ್ ಕೊಡಬೇಕಾದ್ದು ಖಾತೆ ಇರುವ ಬ್ರ್ಯಾಂಚಿನಲ್ಲೇ. ಖಜಾಂಚಿಯವರು ಮ್ಯಾನೇಜರ್ ಎದುರು ಕೂತ ಮೇಲೆ ಫಾರ್ಮ್ ತಗೊಂಡರು. ಆಮೇಲೆ ಹೆಸರಿನ ತಕರಾರು. ನಾಮಿನಿ ಹೆಂಡತಿಯೇ. ಆದರೆ ಬ್ಯಾಂಕಿನಲ್ಲಿ ಇದ್ದದ್ದು ಊರಿನ ಹೆಸರು, ಇನಿಶಿಯಲ್ ಸಮೇತ. ಆಧಾರ್‌ನಲ್ಲಿ ಇಲ್ಲಿಯ ಪದ್ಧತಿಯಂತೆ ತನ್ನ ಹೆಸರು, ಗಂಡನ ಹೆಸರು, ಮನೆತನದ ಹೆಸರು. ಊರು ಬಿಟ್ಟು ಬಂದ ನಮ್ಮ ಎಷ್ಟೋ ಹೆಂಗಸರು ಕಾಗದದಲ್ಲಿ ಹೀಗೆ ಇಬ್ಬರಾಗಿರುತ್ತಾರೆ. ಇಬ್ಬರೂ ಒಬ್ಬರೇ ಅಂತ ನೋಟರಿ ಅಫಿಡವಿಟ್ ಮಾಡಿಸಿ ಕೊಟ್ಟೆವು. ಮರಣ ಪ್ರಮಾಣಪತ್ರ, ಆಧಾರ್, ಅಮ್ಮನ ಖಾತೆಯ ರದ್ದು ಮಾಡಿದ ಚೆಕ್ಕು, ಎಲ್ಲ ಸೇರಿಸಿ ಫೆಬ್ರವರಿ ಕೊನೆಗೆ ಕೊಟ್ಟದ್ದು. ಏಪ್ರಿಲ್ ಮಧ್ಯದಲ್ಲಿ 2 ಲಕ್ಷ ಖಾತೆಗೆ ಬಂತು.

ಎರಡನೆಯದು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಅಥವಾ ತೀರಿಕೊಂಡಾಗ ದುಡಿದ ವರ್ಷಗಳ ಲೆಕ್ಕದಲ್ಲಿ ಧನಿಗಳು ಕೊಡಬೇಕಾದ ಹಣ. ಇದು ನನ್ನ ತಲೆಗೆ ಬಂದದ್ದು ಆ ಸಂಬಳದ ಪತ್ರ ನೋಡುತ್ತಿದ್ದಾಗ. ಹೋಟೆಲಿನಲ್ಲಿ 14 ಮಂದಿ. ಪಿಎಫ್ ಕಾಯ್ದೆ ಅನ್ವಯವಾಗುವುದು 20 ಜನ ಇದ್ದರೆ, ಹಾಗಾಗಿ ಪಿಎಫ್ ಇಲ್ಲ. ಪಿಎಫ್ ಇಲ್ಲ ಅಂದರೆ ಏನೂ ಇಲ್ಲ ಅಂತ ಎಲ್ಲರೂ ಕೈ ಬಿಟ್ಟಿದ್ದರು. ಆದರೆ ಗ್ರಾಚ್ಯುಟಿಗೆ 10 ಜನ ಸಾಕು. ಐದು ವರ್ಷ ದುಡಿದಿರಬೇಕು ಅನ್ನುವ ಷರತ್ತು ಸಾವಿನ ಸಂದರ್ಭದಲ್ಲಿ ಇಲ್ಲ. ಇವರಂತೂ ಅಲ್ಲಿ 11 ವರ್ಷ ದುಡಿದವರು. ಆಗ ಇದ್ದದ್ದು 1972ರ ಕಾಯ್ದೆ. 2025ರ ನವೆಂಬರ್‌ನಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದ ಮೇಲೂ 10 ಜನರ ನಿಯಮ ಹಾಗೇ ಇದೆ. ಲೆಕ್ಕ ಹೀಗೆ: ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಬೇಕು. 22,000ಕ್ಕೆ 11 ವರ್ಷದ ಲೆಕ್ಕ 1,39,615 ರೂಪಾಯಿ.

ಧನಿಗಳ ಹತ್ತಿರ ಮಾತಾಡಲು ಹೋದದ್ದು ನಾವು ಮೂವರು. ಅಮ್ಮ ಬರಲಿಲ್ಲ. "ಇಷ್ಟು ವರ್ಷ ಅನ್ನ ಕೊಟ್ಟವರು, ಅವರ ಮೇಲೆ ಕೇಸು-ಗೀಸು ಬೇಡ" ಅಂತ ಮೊದಲೇ ಹೇಳಿದ್ದರು. ಧನಿಗಳು ಕೆಟ್ಟವರಲ್ಲ. ಆದರೆ ಗ್ರಾಚ್ಯುಟಿ ಅಂದ ಕೂಡಲೇ ಮುಖ ಬಿಗಿಯಾಯಿತು. ಹೋಟೆಲಿನ ರಿಜಿಸ್ಟರಿನಲ್ಲಿ ಸಂಬಳ 12,000 ಅಂತ ಇದೆ, ಅದರ ಮೇಲೆ ಲೆಕ್ಕ ಹಾಕಿ ಅಂದರು. ಹಾಗೆ ಮಾಡಿದರೆ 76,000 ಚಿಲ್ಲರೆ ಆಗುತ್ತದೆ. ಅವರೇ ಸಹಿ ಹಾಕಿದ 22,000ದ ಪತ್ರ ನಮ್ಮ ಕೈಯಲ್ಲಿತ್ತು. ಅದನ್ನು ಮೇಜಿನ ಮೇಲೆ ಇಟ್ಟೆವು. ವಿದ್ಯಾರ್ಥಿ ವೇತನ ತಪ್ಪಿಸಿದ ಕಾಗದ ಇಲ್ಲಿ ಕೆಲಸಕ್ಕೆ ಬಂತು.

"ನಾನು ಕೊಡೋದಿಲ್ಲ ಅಂದ್ನಾ ಮಾರಾಯ್ರೆ? ಒಟ್ಟಿಗೆ ಆಗುದಿಲ್ಲ" ಅಂದರು ಸ್ವಲ್ಪ ಹೊತ್ತಿನ ಮೇಲೆ. ಮೊದಲ ದಿನ ಕೊಟ್ಟ 25,000 ಕಳೆಯಬೇಕು ಅಂದರು. ಸಾವಿನ ಮನೆಗೆ ಕೊಟ್ಟದ್ದನ್ನು ಲೆಕ್ಕಕ್ಕೆ ಹಿಡಿಯುವುದು ನನಗೆ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಅಮ್ಮ ಒಪ್ಪಿದರು. ಉಳಿದ 1,14,615 ನಾಲ್ಕು ಕಂತಿನಲ್ಲಿ ಅಂತ ತೀರ್ಮಾನವಾಯಿತು. ಕಾನೂನಿನ ಪ್ರಕಾರ 30 ದಿನದಲ್ಲಿ ಕೊಡಬೇಕು, ತಡವಾದರೆ ಬಡ್ಡಿ ಕೊಡಬೇಕು. ಲೇಬರ್ ಆಫೀಸಿಗೆ ಹೋಗಿದ್ದರೆ ಪೂರ್ತಿ ಬರುತ್ತಿತ್ತೇನೋ, ಆದರೆ ಯಾವಾಗ? ಮೊದಲ ಕಂತು ಮಾರ್ಚ್ ಕೊನೆಗೆ ಬಂತು.

ಈ ಎರಡು ಹಣ ಬರುತ್ತದೆ ಅಂತ ಗೊತ್ತಾದ ಮೇಲೆ ಸಮಿತಿಯ ಮನಸ್ಸೂ ಬದಲಾಯಿತು. ಮೊದಲು ಬೇಡ ಅಂತ ಪಟ್ಟು ಹಿಡಿದಿದ್ದ ಹಿರಿಯರೇ 30,000 ರೂಪಾಯಿ ಬಡ್ಡಿ ಇಲ್ಲದ ಕೈಸಾಲ ಕೊಡೋಣ ಅಂತ ಸೂಚಿಸಿದರು. ತಿಂಗಳಿಗೆ 10,000ದಂತೆ ಮೂರು ಸಲ. ಪೋಸ್ಟರಿನಿಂದ ಬಂದ 11,400 ಕಿರಾಣಿ ಉಧಾರಿಗೂ ಹುಡುಗನ ಟ್ಯೂಷನ್‌ಗೂ ಹೋಯಿತು.

ಕಾಲೇಜಿನಲ್ಲಿ

ಕಾಲೇಜಿನ ಆಫೀಸಿನಲ್ಲಿ ಮೊದಲು ಸಿಕ್ಕ ಉತ್ತರ 'ಫೀ ಕಟ್ಟದೆ ಎಕ್ಸಾಮ್ ಫಾರ್ಮ್ ಇಲ್ಲ'. ಮೂಲ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತಾರೆ ಅಂತ ಯಾರೋ ಅವಳನ್ನು ಹೆದರಿಸಿಯೂ ಇದ್ದರು. ವಿದ್ಯಾರ್ಥಿಗಳ ಮೂಲ ಪ್ರಮಾಣಪತ್ರ ಇಟ್ಟುಕೊಳ್ಳಬಾರದು ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲೇ ಹೇಳಿದೆ, ಆ ಭಯ ಬೇಡ ಅಂತ ತಿಳಿಸಿದೆವು.

ಕೆಲಸ ಆದದ್ದು ಅವಳ ಅಕೌಂಟ್ಸ್ ಮೇಡಂ ಮೂಲಕ. ಅವರು ಮರಾಠಿಯವರು. ಮರಣ ಪ್ರಮಾಣಪತ್ರದ ಪ್ರತಿ ಮತ್ತು ಒಂದು ಪುಟದ ಅರ್ಜಿ ಹಿಡಿದು ತಾವೇ ಪ್ರಿನ್ಸಿಪಾಲರ ಕೋಣೆಗೆ ಅವಳನ್ನು ಕರೆದೊಯ್ದರು. ಅರ್ಜಿಯಲ್ಲಿ ಗೋಳು ಬರೆಯಬೇಡ ಅಂತ ಹೇಳಿದ್ದೆವು. ಸಾವಿನ ತಾರೀಖು, ಗೈರಾದ ದಿನಗಳು, ಬಾಕಿ ಎಷ್ಟು, ಯಾವ ತಾರೀಖಿನೊಳಗೆ ಕಟ್ಟುತ್ತೇನೆ, ಇಷ್ಟೇ ಇತ್ತು. ಇನ್ಶೂರೆನ್ಸ್ ಕ್ಲೇಮ್ ಸ್ವೀಕರಿಸಿದ ಬ್ಯಾಂಕಿನ ರಸೀದಿಯನ್ನೂ ಲಗತ್ತಿಸಿದೆವು. ಫೀಗೆ ಮೇ ತನಕ ಅವಧಿ ಸಿಕ್ಕಿತು, ಫಾರ್ಮ್ ತುಂಬಿಸಿಕೊಂಡರು. ಹಾಜರಾತಿಯ ಕೊರತೆಯನ್ನು ಪ್ರಿನ್ಸಿಪಾಲರು ಮನ್ನಾ ಮಾಡಿದರು, ಹೆಚ್ಚುವರಿ ಲೆಕ್ಚರ್‌ಗೆ ಕೂರಬೇಕು ಅನ್ನುವ ಷರತ್ತಿನ ಮೇಲೆ. ಸ್ಟಾಫ್ ರೂಮಿನವರು ತಮ್ಮೊಳಗೇ ಸೇರಿಸಿ 6,500 ಕಟ್ಟಿದ್ದು ಅವಳಿಗೆ ಗೊತ್ತಾದದ್ದು ರಸೀದಿ ನೋಡಿದಾಗ. ಉಳಿದ 10,000 ಇನ್ಶೂರೆನ್ಸ್ ಹಣದಿಂದ ಕಟ್ಟಿದಳು. ಈ ಸಹಾಯಕ್ಕೆ ಯಾರೂ ಫೋಟೊ ತೆಗೆಯಲಿಲ್ಲ.

ಆಮೇಲೆ

ಏಪ್ರಿಲ್‌ನಲ್ಲಿ ಪರೀಕ್ಷೆ ಬರೆದಳು, ಪಾಸಾದಳು. ಜುಲೈನಿಂದ ಮುಲುಂಡಿನ ಒಬ್ಬ ಸಿಎ ಆಫೀಸಿನಲ್ಲಿ ಕೆಲಸ, ಶುರುವಿಗೆ 16,000. ತಮ್ಮ ಡಿಪ್ಲೊಮಾಕ್ಕೆ ಸೇರಿದ. ಇನ್ಶೂರೆನ್ಸ್ ಹಣದಲ್ಲಿ ಒಂದೂವರೆ ಲಕ್ಷ ಅಮ್ಮನ ಹೆಸರಲ್ಲಿ ಎಫ್‌ಡಿ ಆಗಿದೆ. ನಮ್ಮ ಕೈಸಾಲ ಗ್ರಾಚ್ಯುಟಿಯ ಮೂರನೇ ಕಂತು ಬಂದ ಮೇಲೆ ಪೂರ್ತಿ ವಾಪಸ್ ಬಂತು. ನಾಲ್ಕನೇ ಕಂತಿಗೆ ಧನಿಗಳು ದೀಪಾವಳಿ ದಾಟಿಸಿದರು, ಆದರೆ ಕೊಟ್ಟರು.

ಸಂಘದಲ್ಲಿ ಈಗ 'ಶೈಕ್ಷಣಿಕ ವೆಚ್ಚ' ಅನ್ನುವ ಸಾಲಿನ ಮುಂದೆ 'ಮತ್ತು ಓದು ನಿಲ್ಲದಂತೆ ಮನೆಯ ತುರ್ತು ಖರ್ಚು' ಅಂತ ಸೇರಿಸಿದ್ದೇವೆ. 1 ಲಕ್ಷ ರೂಪಾಯಿ ಬೇರೆ ಖಾತೆಯಲ್ಲಿದೆ. 10,000ದವರೆಗೆ ಖಜಾಂಚಿ ಮತ್ತು ಇನ್ನೊಬ್ಬರು ಸೇರಿ ಸಭೆ ಕರೆಯದೆ ಕೊಡಬಹುದು. ಆದಾಯ ಪ್ರಮಾಣಪತ್ರ ಕೇಳುವುದಿಲ್ಲ. ಏನಾಯಿತು, ಯಾವಾಗ ಆಯಿತು ಅನ್ನುವುದಕ್ಕೆ ಒಂದು ಕಾಗದ ಸಾಕು. ಆಮೇಲೆ ಒಬ್ಬರು ಮನೆಗೆ ಹೋಗಿ ಪಾಸ್‌ಬುಕ್, ಸಂಬಳದ ಪತ್ರ, ಪಾಲಿಸಿ ನೋಡಿ ಬರಬೇಕು. ಫೋಟೊ ಹಾಕಿ ಹಣ ಎತ್ತುವುದಿಲ್ಲ.

ಒಂದು ವಿಷಯ ಮಾತ್ರ ಇನ್ನೂ ಇತ್ಯರ್ಥ ಆಗಿಲ್ಲ. ಮೊದಲ 10,000ವನ್ನು ಸಹಾಯ ಅಂತ ಕೊಡಬೇಕಾ, ಕೈಸಾಲ ಅಂತ ಕೊಡಬೇಕಾ? ಸಾಲ ಅಂದರೆ ಸತ್ತ ಮನೆಯ ಮೇಲೆ ಇನ್ನೊಂದು ಭಾರ ಹೇರಿದಂತೆ ಅಂತ ಕೆಲವರು. ಆ ಅಮ್ಮನನ್ನೇ ಕೇಳಿದೆವು. "ಸಾಲ ಅಂದಿದ್ರೆ ನಾನು ಇನ್ನೂ ಮುಂಚೆ ಬಂದು ಕೇಳ್ತಿದ್ದೆ" ಅಂದರು. ಮುಂದಿನ ಸಭೆಯಲ್ಲಿ ಇದರ ಮೇಲೆ ಮತ್ತೆ ಚರ್ಚೆ ಇದೆ.